ಕಂಟೇನರ್‌ಗಳಲ್ಲಿ ನಿಮ್ಮದೇ ಮ್ಯಾಟ್ರಿಕ್ಸ್ ಚಾಟ್ ಸರ್ವರ್: ಡೊಮೇನ್ ಹೆಸರಿನಿಂದ ಬ್ಯಾಕಪ್‌ವರೆಗೆ

ಡಾಕರ್ (ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಉಪಕರಣ) ಇರುವ ಯಂತ್ರದಲ್ಲಿ ಚಾಟ್ ಸರ್ವರ್ ಚಾಲೂ ಮಾಡಲು ಅರ್ಧ ಗಂಟೆಯೂ ಬೇಕಿಲ್ಲ. ಕಷ್ಟ ಇರುವುದು ಅದಕ್ಕೂ ಮುಂಚೆ ಮತ್ತು ಅದಾದ ಮೇಲೆ. ಸರ್ವರ್‌ನ ಹೆಸರು, ಡೇಟಾಬೇಸ್‌ನ ಲೊಕೇಲ್ (ಅಕ್ಷರಗಳನ್ನು ಅನುಕ್ರಮಕ್ಕೆ ಇಡುವ ನಿಯಮ), ಡೇಟಾ ಇಡುವ ಜಾಗ ಈ ಮೂರನ್ನೂ ಮೊದಲ ದಿನವೇ ಸರಿಯಾಗಿ ನಿರ್ಧರಿಸಬೇಕು. ಜನ ಬಳಸಲು ಶುರು ಮಾಡಿದ ಮೇಲೆ ಮೊದಲನೆಯದನ್ನು ಬದಲಿಸಲು ಆಗುವುದೇ ಇಲ್ಲ, ಉಳಿದೆರಡನ್ನು ಬದಲಿಸಲು ಸರ್ವರ್ ನಿಲ್ಲಿಸಿ ಕೂರಬೇಕು. ಅದಕ್ಕೇ ಇಲ್ಲಿ ಕಮಾಂಡುಗಳಿಗಿಂತ ಈ ನಿರ್ಧಾರಗಳಿಗೆ ಹೆಚ್ಚು ಜಾಗ ಕೊಟ್ಟಿದೆ.

ಇಲ್ಲಿ ತೆಗೆದುಕೊಂಡಿರುವುದು ಮ್ಯಾಟ್ರಿಕ್ಸ್. 2014ರಲ್ಲಿ ಶುರುವಾದ ಮುಕ್ತ ಪ್ರೊಟೊಕಾಲ್ ಇದು. ಒಂದು ಕಂಪನಿಯ ಮೇಲ್ ವಿಳಾಸದಿಂದ ಇನ್ನೊಂದು ಕಂಪನಿಯ ವಿಳಾಸಕ್ಕೆ ಮೇಲ್ ಹೋಗುವಂತೆ, ನಿಮ್ಮ ಸರ್ವರ್‌ನಲ್ಲಿರುವವರು ಬೇರೆ ಸರ್ವರ್‌ನಲ್ಲಿರುವವರ ಜೊತೆ ಮಾತಾಡಬಹುದು. ಇದಕ್ಕೆ ಫೆಡರೇಷನ್ ಎನ್ನುತ್ತಾರೆ. ಸರ್ವರ್ ತಂತ್ರಾಂಶ ಸಿನಾಪ್ಸ್. ಬಹುಪಾಲು ಪೈಥಾನ್‌ನಲ್ಲಿದೆ, ಕೆಲವು ಭಾಗ ರಸ್ಟ್‌ನಲ್ಲಿದೆ. ಫೋನಿನಲ್ಲೂ ಬ್ರೌಸರ್‌ನಲ್ಲೂ ಬಳಸುವ ಆ್ಯಪ್ ಎಲಿಮೆಂಟ್. ಇಪ್ಪತ್ತರಿಂದ ನೂರು ಜನರ ಸಂಘ, ಶಾಲೆ, ಸಣ್ಣ ಕಚೇರಿ ಅಥವಾ ದೇಶ ವಿದೇಶಗಳಲ್ಲಿ ಹಂಚಿಹೋದ ಕುಟುಂಬಕ್ಕೆ ಇಲ್ಲಿ ಹೇಳುವ ಏರ್ಪಾಡು ಧಾರಾಳ ಸಾಕು.

ಕಮಾಂಡು ಮತ್ತು ಸೆಟ್ಟಿಂಗುಗಳನ್ನು ಉಚ್ಚಾರದ ಪ್ರಕಾರ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ದೊಡ್ಡಕ್ಷರದಲ್ಲಿರಬೇಕು, ಬೇರೆಡೆ ದೊಡ್ಡಕ್ಷರ ಬೇಕಾದಲ್ಲಿ ಅಲ್ಲೇ ಹೇಳಿದೆ. ಹೈಫನ್, ಅಂಡರ್‌ಸ್ಕೋರ್, ಕೋಲನ್ ಎಲ್ಲಿವೆಯೋ ಅಲ್ಲೇ ಇಡಿ.

ಯಂತ್ರ ಮತ್ತು ಜಾಲ

ಎರಡು ಜಿಬಿ ರ‍್ಯಾಮ್, ಎರಡು ಕೋರ್, 40 ಜಿಬಿ ಎಸ್‌ಎಸ್‌ಡಿ ಇರುವ ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ತೆಗೆದುಕೊಳ್ಳಿ. ಒಂದು ಜಿಬಿಯಲ್ಲೂ ಸಿನಾಪ್ಸ್ ಏಳುತ್ತದೆ, ಆದರೆ ಯಾರಾದರೂ ಒಬ್ಬರು ಹೊರಗಿನ ಸಾವಿರಾರು ಸದಸ್ಯರ ರೂಮಿಗೆ ಸೇರಿದ ಕೂಡಲೇ ಮೆಮೊರಿ ತುಂಬಿ ಲಿನಕ್ಸ್ ಕರ್ನಲ್ ಪ್ರಕ್ರಿಯೆಯನ್ನೇ ಕೊಲ್ಲುತ್ತದೆ. ಎರಡು ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಹೇಗೂ ಇರಲಿ. ಬಳಸುವವರೆಲ್ಲ ಕರ್ನಾಟಕದಲ್ಲೇ ಇದ್ದರೆ ಬೆಂಗಳೂರಿನದೋ ಮುಂಬೈಯದೋ ಡೇಟಾ ಸೆಂಟರ್ ಆರಿಸಿ. ಸಂದೇಶಕ್ಕಿಂತ ಕರೆಗಳಲ್ಲಿ ಇದರ ವ್ಯತ್ಯಾಸ ಗೊತ್ತಾಗುತ್ತದೆ.

ಮನೆಯ ಹಳೇ ಕಂಪ್ಯೂಟರಿನಲ್ಲಿ ನಡೆಸುವ ಆಲೋಚನೆ ಇದ್ದರೆ ಮೊದಲು ರೌಟರ್‌ನ ಪುಟ ತೆರೆದು ವ್ಯಾನ್ ಐಪಿ (ರೌಟರ್‌ನ ಹೊರಬದಿಯ ವಿಳಾಸ) ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನಿಮ್ಮ ಬ್ರಾಡ್‌ಬ್ಯಾಂಡ್ ಸಿಜಿನ್ಯಾಟ್ ಹಿಂದೆ ಇದೆ ಎಂದರ್ಥ. ಒಂದೇ ಹೊರ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ, ಹಾಗಾಗಿ ರೌಟರ್‌ನಲ್ಲಿ ಎಷ್ಟೇ ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಯಾರೂ ಒಳಗೆ ಬರಲಾರರು. ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಿರಿ, ಇಲ್ಲವೇ ವಿಪಿಎಸ್‌ಗೇ ಹೋಗಿ.

ಡಾಕರ್ ಅನ್ನು ಡಾಕರ್‌ನವರದೇ ಆಪ್ಟ್ ರೆಪೊಸಿಟರಿಯಿಂದ ಹಾಕಿಕೊಳ್ಳಿ. ಉಬುಂಟುವಿನ ಸ್ನ್ಯಾಪ್ ಮೂಲಕ ಬರುವ ಡಾಕರ್‌ಗೆ ಹೋಮ್ ಫೋಲ್ಡರಿನ ಆಚೆ ಕೈ ಚಾಚುವ ಅನುಮತಿ ಇರುವುದಿಲ್ಲ; ನಾವು /ಆಪ್ಟ್/ಚಾಟ್ ಎಂಬಲ್ಲಿ ಫೈಲು ಇಡುವುದರಿಂದ ಅದು ತಕರಾರು ತೆಗೆಯುತ್ತದೆ. ‘ಡಾಕರ್ ಕಂಪೋಸ್ ವರ್ಷನ್’ ಎಂದು, ನಡುವೆ ಜಾಗ ಬಿಟ್ಟು ಟೈಪ್ ಮಾಡಿ ಉತ್ತರ ಬರುತ್ತದೆಯೇ ನೋಡಿ. ಹಲವು ಕಂಟೇನರ್‌ಗಳನ್ನು ಒಂದೇ ಫೈಲಿನಿಂದ ನಡೆಸುವ ಭಾಗ ಈ ಕಂಪೋಸ್. ಹೈಫನ್ ಇರುವ ಹಳೇ ‘ಡಾಕರ್-ಕಂಪೋಸ್’ಗೆ 2023ರಿಂದ ಅಪ್‌ಡೇಟ್ ಇಲ್ಲ.

ಫೈರ್‌ವಾಲ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂದಲ್ಲಿ ಪೋರ್ಟ್ ಮುಚ್ಚಿದ್ದೇವೆ ಎಂದುಕೊಂಡಿರುತ್ತಾರೆ, ಆದರೆ ಕಂಪೋಸ್ ಫೈಲಿನ ‘ಪೋರ್ಟ್ಸ್’ನಲ್ಲಿ ಬರೆದದ್ದನ್ನು ಡಾಕರ್ ನೇರವಾಗಿ ಲಿನಕ್ಸ್‌ನ ಮೂಲ ಫೈರ್‌ವಾಲ್ ಪಟ್ಟಿಯಾದ ಐಪಿಟೇಬಲ್ಸ್‌ನಲ್ಲಿ, ಯುಎಫ್‌ಡಬ್ಲ್ಯೂ ನಿಯಮಗಳಿಗೆ ಸಿಗದ ಹಾಗೆ ತೆರೆದುಬಿಡುತ್ತದೆ. 5432:5432 ಎಂದು ಬರೆದರೆ ಡೇಟಾಬೇಸ್ ಇಡೀ ಜಗತ್ತಿಗೆ ತೆರೆದ ಹಾಗೆ. ನಮ್ಮ ಏರ್ಪಾಡಿನಲ್ಲಿ ‘ಪೋರ್ಟ್ಸ್’ ಸಾಲು ಇರುವುದು ಕ್ಯಾಡಿಗೆ (ಹೊರಗಿನಿಂದ ಬಂದದ್ದನ್ನು ಸಿನಾಪ್ಸ್‌ಗೆ ದಾಟಿಸುವ ವೆಬ್ ಸರ್ವರ್) ಮಾತ್ರ, ಅದೂ 80 ಮತ್ತು 443 ಎರಡೇ. ಉಳಿದ ಕಂಟೇನರ್‌ಗಳು ಕಂಪೋಸ್ ತಾನೇ ಕಟ್ಟುವ ಒಳಜಾಲದಲ್ಲಿ ಒಂದನ್ನೊಂದು ಹೆಸರಿನಿಂದ ಕಂಡುಕೊಳ್ಳುತ್ತವೆ. ಯಾವುದನ್ನಾದರೂ ಯಂತ್ರದ ಒಳಗಿನಿಂದ ಮುಟ್ಟಲೇಬೇಕಿದ್ದರೆ 127.0.0.1:8008:8008 ಎಂದು ಮುಂದೆ ಲೋಕಲ್ ಐಪಿ ಸೇರಿಸಿ.

ಹೆಸರು: ಒಮ್ಮೆ ಇಟ್ಟರೆ ಇಟ್ಟಂತೆ

ಸಿನಾಪ್ಸ್‌ನಲ್ಲಿ ‘ಸರ್ವರ್_ನೇಮ್’ ಎಂಬ ಸೆಟ್ಟಿಂಗ್ ಇದೆ. ಪ್ರತಿ ಬಳಕೆದಾರರ ವಿಳಾಸದ ಬಾಲ ಇದೇ: @ಲಲಿತಾ:ಎಕ್ಸಾಂಪಲ್.ಆರ್ಗ್ ಎಂಬುದರಲ್ಲಿ ಕೋಲನ್ ಆದಮೇಲಿನ ಭಾಗ. ಬಳಕೆದಾರರು, ರೂಮುಗಳು, ಸಂದೇಶಗಳ ಮೇಲಿನ ಡಿಜಿಟಲ್ ಸಹಿ ಎಲ್ಲದರಲ್ಲೂ ಇದು ಸೇರಿಹೋಗುತ್ತದೆ. ಆಮೇಲೆ ಬದಲಿಸಬೇಕೆಂದರೆ ಹೊಸ ಸರ್ವರ್ ಕಟ್ಟಿ ಎಲ್ಲರೂ ಹೊಸದಾಗಿ ಸೇರಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಸರ್ವರ್ ನಡೆಯುವುದು ಮ್ಯಾಟ್ರಿಕ್ಸ್.ಎಕ್ಸಾಂಪಲ್.ಆರ್ಗ್ ಎಂಬ ಉಪಡೊಮೇನ್‌ನಲ್ಲಾದರೂ ಸರ್ವರ್_ನೇಮ್ ಮಾತ್ರ ಬರೀ ಎಕ್ಸಾಂಪಲ್.ಆರ್ಗ್ ಇರಲಿ. ವಿಳಾಸ ಚಿಕ್ಕದಾಗಿರುತ್ತದೆ, ನಾಳೆ ಸರ್ವರ್ ಬೇರೆ ಯಂತ್ರಕ್ಕೆ ಹೋದರೂ ಹೆಸರು ಹಾಗೇ ಉಳಿಯುತ್ತದೆ. ಎರಡನ್ನೂ ಜೋಡಿಸುವ ಕೆಲಸ ಮುಂದೆ ಬರುವ ‘ವೆಲ್-ನೋನ್’ ಫೈಲುಗಳದ್ದು. ಡೊಮೇನ್ ನಿಮ್ಮ ಸಂಸ್ಥೆಯ ಹೆಸರಲ್ಲೇ ನೋಂದಣಿಯಾಗಿರಲಿ. ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ಅವರು ನವೀಕರಿಸುವುದನ್ನು ಮರೆತ ದಿನ ನಿಮ್ಮ ಚಾಟ್ ಕೂಡ ನಿಲ್ಲುತ್ತದೆ.

ಬಳಕೆದಾರರ ವಿಳಾಸದಲ್ಲಿ ಇಂಗ್ಲಿಷ್ ಸಣ್ಣಕ್ಷರ, ಅಂಕಿ ಮತ್ತು ಡಾಟ್, ಹೈಫನ್‌ನಂಥ ಕೆಲವು ಚಿಹ್ನೆಗಳಿಗಷ್ಟೇ ಅವಕಾಶ. ಕನ್ನಡ ಅಕ್ಷರ ನಡೆಯುವುದಿಲ್ಲ. ಆದರೆ ಪರದೆಯ ಮೇಲೆ ಕಾಣುವ ಹೆಸರು, ರೂಮಿನ ಹೆಸರು, ವಿಷಯ ಎಲ್ಲವೂ ಕನ್ನಡದಲ್ಲಿರಬಹುದು. ಹೊಸಬರಿಗೆ ಇದನ್ನು ಮೊದಲೇ ಹೇಳಿಬಿಟ್ಟರೆ ನೋಂದಣಿ ಪುಟದಲ್ಲಿ ಗೊಂದಲವಾಗುವುದಿಲ್ಲ.

ಡಿಎನ್‌ಎಸ್‌ನಲ್ಲಿ ಮ್ಯಾಟ್ರಿಕ್ಸ್ ಉಪಡೊಮೇನ್‌ಗೆ ಎ ರೆಕಾರ್ಡ್ (ಹೆಸರನ್ನು ಐಪಿಗೆ ಜೋಡಿಸುವ ಸಾಲು) ಹಾಕಿ ಯಂತ್ರದ ಐಪಿ ಕೊಡಿ. ಮೂಲ ಡೊಮೇನ್‌ನಲ್ಲಿ ಈಗಾಗಲೇ ವೆಬ್‌ಸೈಟ್ ಇದ್ದರೆ ಅದನ್ನು ಮುಟ್ಟಬೇಡಿ.

ಪೋಸ್ಟ್‌ಗ್ರೆಸ್

ಏನೂ ಹೇಳದಿದ್ದರೆ ಸಿನಾಪ್ಸ್ ಎಸ್‌ಕ್ಯೂಲೈಟ್ ಎಂಬ ಒಂದೇ ಫೈಲಿನ ಡೇಟಾಬೇಸ್ ಬಳಸುತ್ತದೆ. ಪರೀಕ್ಷೆಗೆ ಪರವಾಗಿಲ್ಲ, ಜನ ಬಳಸುವ ಸರ್ವರ್‌ಗೆ ಬೇಡ. ಮೊದಲ ದಿನವೇ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಡಿ.

/ಆಪ್ಟ್/ಚಾಟ್ ಫೋಲ್ಡರಿನಲ್ಲಿ ‘ಕಂಪೋಸ್.ಯಾಮಲ್’ ಫೈಲ್ ಮಾಡಿ. ಯಾಮಲ್‌ನಲ್ಲಿ ಟ್ಯಾಬ್ ಕೀ ಒತ್ತಬಾರದು, ಪ್ರತಿ ಹಂತಕ್ಕೆ ಎರಡು ಸ್ಪೇಸ್. ಬರೆದ ಮೇಲೆ ‘ಡಾಕರ್ ಕಂಪೋಸ್ ಕಾನ್ಫಿಗ್’ ಎಂದರೆ ತಪ್ಪು ಎಲ್ಲಿದೆ ಎಂದು ಸಾಲಿನ ಸಮೇತ ಹೇಳುತ್ತದೆ.

ಮೊದಲ ಸೇವೆಯ ಹೆಸರು ‘ಡಿಬಿ’. ಇಮೇಜ್ (ಕಂಟೇನರ್ ಹುಟ್ಟುವ ಸಿದ್ಧ ಅಚ್ಚು) ಪೋಸ್ಟ್‌ಗ್ರೆಸ್:17. ‘ಲೇಟೆಸ್ಟ್’ ಎಂದು ಬರೆಯಬೇಡಿ. ಪೋಸ್ಟ್‌ಗ್ರೆಸ್‌ನ ಒಂದು ಮುಖ್ಯ ಆವೃತ್ತಿಯ ಡೇಟಾ ಫೈಲುಗಳನ್ನು ಇನ್ನೊಂದು ಮುಖ್ಯ ಆವೃತ್ತಿ ತೆರೆಯುವುದಿಲ್ಲ. ಒಂದು ದಿನ ಹೊಸ ಇಮೇಜ್ ಎಳೆದುಕೊಂಡಾಗ ಡೇಟಾಬೇಸ್ ಏಳುವುದೇ ಇಲ್ಲ. ಎನ್ವಿರಾನ್‌ಮೆಂಟ್‌ನಲ್ಲಿ ಬಳಕೆದಾರ, ಪಾಸ್‌ವರ್ಡ್, ಡೇಟಾಬೇಸ್ ಹೆಸರು ಕೊಡಿ, ಬಳಕೆದಾರ ಮತ್ತು ಡೇಟಾಬೇಸ್ ಎರಡಕ್ಕೂ ‘ಸಿನಾಪ್ಸ್’ ಎಂದೇ ಇಡಬಹುದು. ಇವುಗಳ ಜೊತೆ ಮರೆಯಬಾರದ ಸಾಲೊಂದಿದೆ:

ಪೋಸ್ಟ್‌ಗ್ರೆಸ್_ಇನಿಟ್‌ಡಿಬಿ_ಆರ್ಗ್ಸ್: "--ಎನ್‌ಕೋಡಿಂಗ್=ಯುಟಿಎಫ್8 --ಲೊಕೇಲ್=ಸಿ"

ಇಲ್ಲಿನ ಕೊನೆಯ ‘ಸಿ’ ಇಂಗ್ಲಿಷ್ ದೊಡ್ಡಕ್ಷರ. ಕನ್ನಡ ಸರಿಯಾಗಿ ಉಳಿಯಲು ಯುಟಿಎಫ್8 ಬೇಕು. ಸಿ ಲೊಕೇಲ್ ಬೇಕಿರುವುದು ಬೇರೆ ಕಾರಣಕ್ಕೆ. ಬೇರೆ ಲೊಕೇಲ್ ಇದ್ದರೆ ಅಕ್ಷರಗಳ ಅನುಕ್ರಮವನ್ನು ಆಪರೇಟಿಂಗ್ ಸಿಸ್ಟಮ್‌ನ ಲೈಬ್ರರಿ ನಿರ್ಧರಿಸುತ್ತದೆ. ಇಮೇಜಿನ ಒಳಗಿನ ಲೈಬ್ರರಿ ಅಪ್‌ಡೇಟ್ ಆಗಿ ಆ ಅನುಕ್ರಮ ಒಂದಿಷ್ಟು ಬದಲಾದರೂ ಹಳೇ ಅನುಕ್ರಮದಲ್ಲಿ ಕಟ್ಟಿದ ಇಂಡೆಕ್ಸ್‌ಗಳು ಸದ್ದಿಲ್ಲದೆ ಕೆಡುತ್ತವೆ, ಇರುವ ದಾಖಲೆ ‘ಇಲ್ಲ’ ಎಂದು ಬರುತ್ತದೆ. ಇದನ್ನು ತಪ್ಪಿಸಲೆಂದೇ ಸಿ ಅಲ್ಲದ ಡೇಟಾಬೇಸ್ ಕಂಡರೆ ಸಿನಾಪ್ಸ್ ‘ಇನ್‌ಕರೆಕ್ಟ್ ಕೊಲೇಷನ್’ ಎಂದು ಹೇಳಿ ಏಳಲು ನಿರಾಕರಿಸುತ್ತದೆ. ಆ ತಪಾಸಣೆಯನ್ನು ದಾಟಿಸುವ ಸೆಟ್ಟಿಂಗ್ ಒಂದಿದೆ. ಹೊಸ ಸರ್ವರ್‌ನಲ್ಲಿ ಅದನ್ನು ಬಳಸಲು ಯಾವ ಕಾರಣವೂ ಇಲ್ಲ.

ಈ ಎನ್ವಿರಾನ್‌ಮೆಂಟ್ ಸಾಲುಗಳು ಕೆಲಸ ಮಾಡುವುದು ಡೇಟಾ ಫೋಲ್ಡರ್ ಖಾಲಿ ಇರುವಾಗ, ಮೊದಲ ಸಲ ಏಳುವಾಗ ಮಾತ್ರ. ಆಮೇಲೆ ಫೈಲಿನಲ್ಲಿ ಪಾಸ್‌ವರ್ಡ್ ತಿದ್ದಿದರೆ ಡೇಟಾಬೇಸ್‌ನ ಪಾಸ್‌ವರ್ಡ್ ಬದಲಾಗುವುದಿಲ್ಲ. ‘ಪಾಸ್‌ವರ್ಡ್ ಆಥೆಂಟಿಕೇಷನ್ ಫೇಲ್ಡ್’ ಎಂಬ ದೂರಿಗೆ ಬಹುತೇಕ ಇದೇ ಮೂಲ. ಇನ್ನೂ ಯಾರೂ ಬಳಸುತ್ತಿಲ್ಲವಾದರೆ ಕಂಟೇನರ್ ಇಳಿಸಿ, ಡೇಟಾ ಫೋಲ್ಡರ್ ಖಾಲಿ ಮಾಡಿ ಮತ್ತೆ ಏರಿಸಿ.

ವಾಲ್ಯೂಮ್ ಸಾಲನ್ನು (ಯಂತ್ರದ ಫೋಲ್ಡರನ್ನು ಕಂಟೇನರ್ ಒಳಗಿನ ಫೋಲ್ಡರಿಗೆ ಜೋಡಿಸುವ ಸಾಲು) ಎರಡೆರಡು ಸಲ ಓದಿ ನೋಡಿ. ಎಡಗಡೆ ./ಪಿಜಿ, ಬಲಗಡೆ /ವರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/ಡೇಟಾ. ಬಲಗಡೆಯ ದಾರಿಯಲ್ಲಿ ಒಂದು ಅಕ್ಷರ ತಪ್ಪಿದರೂ ಪೋಸ್ಟ್‌ಗ್ರೆಸ್ ಏನೂ ಹೇಳದೆ ಚೆನ್ನಾಗಿಯೇ ನಡೆಯುತ್ತದೆ. ಡೇಟಾ ಮಾತ್ರ ಡಾಕರ್ ತಾನೇ ಮಾಡಿಕೊಂಡ ಹೆಸರಿಲ್ಲದ ವಾಲ್ಯೂಮ್‌ಗೆ ಹೋಗುತ್ತಿರುತ್ತದೆ. ‘ಡೌನ್’ ಮಾಡಿ ಮತ್ತೆ ‘ಅಪ್’ ಮಾಡಿದಾಗ ಇನ್ನೊಂದು ಖಾಲಿ ವಾಲ್ಯೂಮ್ ಹುಟ್ಟುತ್ತದೆ, ಸರ್ವರ್‌ನಲ್ಲಿ ಒಬ್ಬ ಬಳಕೆದಾರರೂ ಇರುವುದಿಲ್ಲ. ಏರಿಸಿದ ಕೂಡಲೇ ./ಪಿಜಿ ಫೋಲ್ಡರ್ ತುಂಬಿದೆಯೇ ಎಂದು ರೂಟ್ ಆಗಿ ನೋಡಿಬಿಡಿ. ಪೋಸ್ಟ್‌ಗ್ರೆಸ್ 18ರ ಇಮೇಜಿನಿಂದ ಈ ದಾರಿಯೇ ಬದಲಾಗಿದೆ, ಕೊನೆಯ ‘/ಡೇಟಾ’ ಇಲ್ಲದೆ ಕೊಡಬೇಕು. ಹಳೇ ಫೈಲನ್ನು ನಕಲು ಮಾಡಿ ಬರೀ ಆವೃತ್ತಿ ಸಂಖ್ಯೆ ತಿದ್ದಿದರೆ ಆಗದು.

ಹೆಸರಿನ ವಾಲ್ಯೂಮ್‌ಗಳ ಬದಲು ಹೀಗೆ ಫೋಲ್ಡರನ್ನೇ ಜೋಡಿಸುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ‘ಡಾಕರ್ ಕಂಪೋಸ್ ಡೌನ್ -ವಿ’ ಎಂದರೆ ಹೆಸರಿನ ವಾಲ್ಯೂಮ್‌ಗಳೂ ಅಳಿಯುತ್ತವೆ, ‘ಖಚಿತವೇ’ ಎಂಬ ಪ್ರಶ್ನೆ ಕೂಡ ಬರುವುದಿಲ್ಲ. ಫೋಲ್ಡರುಗಳನ್ನು ಅದು ಮುಟ್ಟುವುದಿಲ್ಲ.

ಡಿಬಿಗೆ ‘ಪಿಜಿ_ಈಸ್‌ರೆಡಿ -ಯು ಸಿನಾಪ್ಸ್’ ಎಂಬ ಹೆಲ್ತ್‌ಚೆಕ್ (ಸೇವೆ ಸಿದ್ಧವಿದೆಯೇ ಎಂಬ ಪರೀಕ್ಷೆ) ಕೊಡಿ, ಇದರ ‘ಯು’ ದೊಡ್ಡಕ್ಷರ. ಸಿನಾಪ್ಸ್ ಸೇವೆಯ ‘ಡಿಪೆಂಡ್ಸ್_ಆನ್’ನಲ್ಲಿ ‘ಕಂಡೀಷನ್: ಸರ್ವಿಸ್_ಹೆಲ್ತಿ’ ಎಂದು ಬರೆಯಿರಿ. ಇಲ್ಲದಿದ್ದರೆ ‘ಅಪ್’ ಮಾಡಿದಾಗ ಡೇಟಾಬೇಸ್ ಕಣ್ಣು ಬಿಡುವ ಮುಂಚೆ ಸಿನಾಪ್ಸ್ ಬಾಗಿಲು ಬಡಿದು ಬಿದ್ದುಹೋಗುತ್ತದೆ. ಎಲ್ಲ ಸೇವೆಗಳಿಗೂ ‘ರೀಸ್ಟಾರ್ಟ್: ಅನ್‌ಲೆಸ್-ಸ್ಟಾಪ್ಡ್’ ಇರಲಿ.

ಸಿನಾಪ್ಸ್

ಎರಡನೇ ಸೇವೆಯ ಹೆಸರು ‘ಸಿನಾಪ್ಸ್’. ಅದರ ಇಮೇಜಿಗೂ ನಿರ್ದಿಷ್ಟ ಆವೃತ್ತಿಯ ಟ್ಯಾಗ್ ಕೊಡಿ. ವಾಲ್ಯೂಮ್ ./ಸಿನಾಪ್ಸ್ ಅನ್ನು /ಡೇಟಾಕ್ಕೆ ಜೋಡಿಸಿ. ಕಾನ್ಫಿಗ್ ಫೈಲನ್ನು ಸಿನಾಪ್ಸ್ ತಾನೇ ಹುಟ್ಟಿಸಬೇಕು:

ಡಾಕರ್ ಕಂಪೋಸ್ ರನ್ --ಆರ್‌ಎಂ --ನೋ-ಡೆಪ್ಸ್ -ಇ ಸಿನಾಪ್ಸ್_ಸರ್ವರ್_ನೇಮ್=ಎಕ್ಸಾಂಪಲ್.ಆರ್ಗ್ -ಇ ಸಿನಾಪ್ಸ್_ರಿಪೋರ್ಟ್_ಸ್ಟ್ಯಾಟ್ಸ್=ನೋ ಸಿನಾಪ್ಸ್ ಜನರೇಟ್

ಈಗ ./ಸಿನಾಪ್ಸ್‌ನಲ್ಲಿ ಮೂರು ಫೈಲುಗಳು ಕಾಣುತ್ತವೆ: ಹೋಮ್‌ಸರ್ವರ್.ಯಾಮಲ್, ಲಾಗ್ ಕಾನ್ಫಿಗ್, ಮತ್ತು ‘ಸೈನಿಂಗ್.ಕೀ’ ಎಂದು ಮುಗಿಯುವ ಒಂದು ಪುಟ್ಟ ಫೈಲ್. ನಿಮ್ಮ ಸರ್ವರ್ ‘ನಾನೇ ಎಕ್ಸಾಂಪಲ್.ಆರ್ಗ್’ ಎಂದು ಬೇರೆ ಸರ್ವರ್‌ಗಳಿಗೆ ಸಾಬೀತು ಮಾಡುವುದು ಈ ಪುಟ್ಟ ಫೈಲಿನಿಂದಲೇ. ಈಗಲೇ ಅದನ್ನೂ ಹೋಮ್‌ಸರ್ವರ್.ಯಾಮಲ್ ಅನ್ನೂ ಬೇರೊಂದು ಯಂತ್ರಕ್ಕೆ ನಕಲು ಮಾಡಿಡಿ.

ಈ ಫೈಲುಗಳ ಮಾಲೀಕ 991 ಎಂಬ ಸಂಖ್ಯೆಯ ಬಳಕೆದಾರ, ಕಂಟೇನರ್ ಒಳಗೆ ಸಿನಾಪ್ಸ್ ನಡೆಯುವುದು ಆ ಸಂಖ್ಯೆಯಲ್ಲೇ. ರೂಟ್ ಆಗಿ ಹೊಸ ಫೈಲ್ ತಂದಿಟ್ಟು ‘ಪರ್ಮಿಷನ್ ಡಿನೈಡ್’ ಕಂಡರೆ ‘ಚೌನ್ -ಆರ್ 991:991 ಸಿನಾಪ್ಸ್’ ಓಡಿಸಿ. ಇದರ ‘ಆರ್’ ದೊಡ್ಡಕ್ಷರ.

ಹೋಮ್‌ಸರ್ವರ್.ಯಾಮಲ್‌ನಲ್ಲಿ ‘ಡೇಟಾಬೇಸ್’ ಭಾಗದಲ್ಲಿರುವ ಎಸ್‌ಕ್ಯೂಲೈಟ್ ಅಳಿಸಿ ‘ನೇಮ್: ಸೈಕೋಪಿಜಿ2’ ಎಂದು ಬರೆಯಿರಿ. ಅದರ ಕೆಳಗೆ ‘ಆರ್ಗ್ಸ್’ನಲ್ಲಿ ಯೂಸರ್, ಪಾಸ್‌ವರ್ಡ್, ಡಿಬಿನೇಮ್, ಹೋಸ್ಟ್, ಸಿಪಿ_ಮಿನ್: 5, ಸಿಪಿ_ಮ್ಯಾಕ್ಸ್: 10. ಹೋಸ್ಟ್ ಎಂಬಲ್ಲಿ ‘ಡಿಬಿ’ ಎಂದಿರಬೇಕು, ‘ಲೋಕಲ್‌ಹೋಸ್ಟ್’ ಅಲ್ಲ. ಕಂಟೇನರ್ ಒಳಗಿನಿಂದ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ, ಅಲ್ಲಿ ಪೋಸ್ಟ್‌ಗ್ರೆಸ್ ಇರುವುದಿಲ್ಲ.

‘ಪಬ್ಲಿಕ್_ಬೇಸ್‌ಯುಆರ್‌ಎಲ್’ಗೆ ಉಪಡೊಮೇನಿನ ಪೂರ್ತಿ ವಿಳಾಸವನ್ನು ಎಚ್‌ಟಿಟಿಪಿಎಸ್ ಸಮೇತ ಕೊಡಿ. ಲಿಸನರ್ ಭಾಗದಲ್ಲಿ ಪೋರ್ಟ್ 8008, ಟಿಎಲ್‌ಎಸ್ ಫಾಲ್ಸ್, ‘ಎಕ್ಸ್_ಫಾರ್ವರ್ಡೆಡ್: ಟ್ರೂ’ ಈಗಾಗಲೇ ಇರುತ್ತವೆ. ಕೊನೆಯದನ್ನು ತೆಗೆಯಬೇಡಿ. ಅದಿಲ್ಲದಿದ್ದರೆ ಎಲ್ಲರೂ ಕ್ಯಾಡಿಯ ಒಂದೇ ಐಪಿಯಿಂದ ಬರುತ್ತಿರುವಂತೆ ಸಿನಾಪ್ಸ್‌ಗೆ ಕಾಣುತ್ತದೆ, ಒಬ್ಬರು ನಾಲ್ಕಾರು ಸಲ ಪಾಸ್‌ವರ್ಡ್ ತಪ್ಪಿದರೆ ಲಾಗಿನ್ ಮಿತಿ ಎಲ್ಲರಿಗೂ ಒಟ್ಟಿಗೇ ತಟ್ಟುತ್ತದೆ.

ಹೊರಗಿನ ಸರ್ವರ್‌ಗಳ ಸಹವಾಸ ಬೇಡ, ನಮ್ಮವರಷ್ಟೇ ಸಾಕು ಎಂದಾದರೆ ‘ಫೆಡರೇಷನ್_ಡೊಮೇನ್_ವೈಟ್‌ಲಿಸ್ಟ್’ಗೆ ಖಾಲಿ ಪಟ್ಟಿ ಕೊಡಿ, ಅಂದರೆ ಬರೀ ಚೌಕ ಆವರಣ. ಶಾಲೆ, ಕಚೇರಿಗಳಿಗೆ ನಾವು ಹೇಳುವುದು ಇದನ್ನೇ. ಡೇಟಾಬೇಸ್ ಚಿಕ್ಕದಾಗಿರುತ್ತದೆ, ಹೊರಗಿನ ಸ್ಪ್ಯಾಮ್ ಆಹ್ವಾನಗಳೂ ಬರುವುದಿಲ್ಲ. ಫೆಡರೇಷನ್ ಬೇಕಾದರೆ ‘ಲಿಮಿಟ್_ರಿಮೋಟ್_ರೂಮ್ಸ್’ ಚಾಲೂ ಮಾಡಿ ಕಾಂಪ್ಲೆಕ್ಸಿಟಿ 1.0 ಇಡಿ, ದೈತ್ಯ ರೂಮುಗಳಿಗೆ ಸೇರುವುದನ್ನು ಸರ್ವರೇ ತಡೆಯುತ್ತದೆ.

ಕ್ಯಾಡಿ ಮತ್ತು ಎರಡು ವೆಲ್-ನೋನ್ ಉತ್ತರಗಳು

ಎಚ್‌ಟಿಟಿಪಿಎಸ್‌ಗೆ ಬೇಕಾದ ಟಿಎಲ್‌ಎಸ್ ಸರ್ಟಿಫಿಕೇಟ್ ತರುವ, ನವೀಕರಿಸುವ ಕೆಲಸವನ್ನೆಲ್ಲ ಕ್ಯಾಡಿ ತಾನೇ ನೋಡಿಕೊಳ್ಳುತ್ತದೆ. ಅದರ ಒಳಗಿನ /ಡೇಟಾ ಫೋಲ್ಡರನ್ನು ಹೊರಗೆ ಜೋಡಿಸಲೇಬೇಕು. ಇಲ್ಲವಾದರೆ ಕಂಟೇನರ್ ಹೊಸದಾಗಿ ಹುಟ್ಟಿದಾಗಲೆಲ್ಲ ಹೊಸ ಸರ್ಟಿಫಿಕೇಟ್ ಕೇಳುತ್ತದೆ. ಅದನ್ನು ಕೊಡುವ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್ ಅದೇ ಹೆಸರುಗಳಿಗೆ ವಾರಕ್ಕೆ ಐದೇ ಸರ್ಟಿಫಿಕೇಟ್ ಕೊಡುವುದು, ಆರನೆಯದಕ್ಕೆ ಕಾಯಬೇಕು.

ಕ್ಯಾಡಿಯ ಸೆಟ್ಟಿಂಗುಗಳಿರುವ ಕ್ಯಾಡಿಫೈಲ್ (ಇದರ ಮೊದಲ ಅಕ್ಷರ ದೊಡ್ಡದು) ಒಂದನ್ನೇ ಜೋಡಿಸುವ ಬದಲು ಅದಿರುವ ಫೋಲ್ಡರನ್ನು /ಇಟಿಸಿ/ಕ್ಯಾಡಿಗೆ ಜೋಡಿಸಿ. ಕೆಲವು ಎಡಿಟರ್‌ಗಳು ಉಳಿಸುವಾಗ ಹಳೇ ಫೈಲ್ ತಿದ್ದುವುದಿಲ್ಲ, ಹೊಸದನ್ನು ಮಾಡಿ ಅದೇ ಹೆಸರು ಕೊಡುತ್ತವೆ. ಒಂದೇ ಫೈಲ್ ಜೋಡಿಸಿದ್ದರೆ ಕಂಟೇನರ್ ಹಳೇದನ್ನೇ ಹಿಡಿದು ಕೂತಿರುತ್ತದೆ, ‘ತಿದ್ದಿದರೂ ಏನೂ ಬದಲಾಗುತ್ತಿಲ್ಲ’ ಎಂದು ಗಂಟೆಗಟ್ಟಲೆ ಹುಡುಕುತ್ತೀರಿ.

ಮ್ಯಾಟ್ರಿಕ್ಸ್ ಉಪಡೊಮೇನಿನ ಬ್ಲಾಕ್‌ನಲ್ಲಿ ಎರಡೇ ದಾರಿಗಳನ್ನು ಸಿನಾಪ್ಸ್:8008ಕ್ಕೆ ಕಳಿಸಿ: /_ಮ್ಯಾಟ್ರಿಕ್ಸ್/* ಮತ್ತು /_ಸಿನಾಪ್ಸ್/ಕ್ಲೈಂಟ್/*. ಎಲ್ಲವನ್ನೂ ಕಳಿಸಿದರೆ /_ಸಿನಾಪ್ಸ್/ಅಡ್ಮಿನ್ ಕೂಡ ಹೊರಗೆ ತೆರೆದುಕೊಳ್ಳುತ್ತದೆ; ಬಳಕೆದಾರರನ್ನು ಅಳಿಸುವ, ಪಾಸ್‌ವರ್ಡ್ ಬದಲಿಸುವ ದಾರಿ ಅದು. ಕ್ಯಾಡಿಯ ಬದಲು ಎಂಜಿನ್‌ಎಕ್ಸ್ ಬಳಸುವವರು ಎರಡು ವಿಷಯ ಗಮನಿಸಿ. ಪ್ರಾಕ್ಸಿ_ಪಾಸ್ ವಿಳಾಸದ ಕೊನೆಗೆ ಸ್ಲ್ಯಾಷ್ ಹಾಕಬಾರದು, ಹಾಕಿದರೆ ವಿಳಾಸದ ಅಕ್ಷರಗಳನ್ನು ಅದು ತಿದ್ದಿ ಬರೆದು ಫೆಡರೇಷನ್ ಸಹಿ ಹೊಂದದೆ ಹೋಗುತ್ತದೆ. ಹಾಗೆಯೇ ಅದರಲ್ಲಿ ಅಪ್‌ಲೋಡ್ ಮಿತಿ ಮೊದಲಿಗೆ 1 ಎಂಬಿ ಇರುತ್ತದೆ. ಸಿನಾಪ್ಸ್ 50 ಎಂಬಿವರೆಗೆ ಒಪ್ಪುತ್ತದಾದರೂ ಫೋಟೊಗಳು 413 ದೋಷ ಕೊಟ್ಟು ನಿಲ್ಲುತ್ತವೆ.

ಇನ್ನು ಮೂಲ ಡೊಮೇನ್. ಎಕ್ಸಾಂಪಲ್.ಆರ್ಗ್/.ವೆಲ್-ನೋನ್/ಮ್ಯಾಟ್ರಿಕ್ಸ್/ಸರ್ವರ್ ಎಂಬ ವಿಳಾಸ ಒಂದು ಚಿಕ್ಕ ಜೇಸನ್ ಕೊಡಬೇಕು: {"ಎಂ.ಸರ್ವರ್": "ಮ್ಯಾಟ್ರಿಕ್ಸ್.ಎಕ್ಸಾಂಪಲ್.ಆರ್ಗ್:443"}. ಇದರಲ್ಲಿ ಎಚ್‌ಟಿಟಿಪಿಎಸ್ ಎಂಬುದು ಬರುವುದಿಲ್ಲ, ಪೋರ್ಟ್ ಬರುತ್ತದೆ. ಇದಿಲ್ಲದಿದ್ದರೆ ಬೇರೆ ಸರ್ವರ್‌ಗಳು ಮೂಲ ಡೊಮೇನಿನ 8448ನೇ ಪೋರ್ಟ್ ಬಡಿಯುತ್ತವೆ, ಅಲ್ಲಿ ಯಾರೂ ಇರುವುದಿಲ್ಲ. ಎರಡನೆಯದು ಅದೇ ಫೋಲ್ಡರಿನ ‘ಕ್ಲೈಂಟ್’. ಅದರಲ್ಲಿ ‘ಎಂ.ಹೋಮ್‌ಸರ್ವರ್’ ಒಳಗೆ ‘ಬೇಸ್_ಯುಆರ್‌ಎಲ್’ ಇರಬೇಕು, ಇಲ್ಲಿ ಎಚ್‌ಟಿಟಿಪಿಎಸ್ ಸಮೇತ. ‘ಆಕ್ಸೆಸ್-ಕಂಟ್ರೋಲ್-ಅಲೌ-ಆರಿಜಿನ್: *’ ಎಂಬ ಹೆಡರ್ ಸೇರಿಸುವುದನ್ನು ಮರೆತರೆ ಫೋನಿನ ಆ್ಯಪ್ ಸರಿಯಾಗಿ ನಡೆದು ಬ್ರೌಸರ್‌ನಲ್ಲಿ ಮಾತ್ರ ಲಾಗಿನ್ ಆಗುವುದಿಲ್ಲ. ‘ನನಗೆ ಬರುತ್ತದೆ, ಅವರಿಗೆ ಬರುವುದಿಲ್ಲ’ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಮೂಲ ಡೊಮೇನಿನ ವೆಬ್‌ಸೈಟ್ ಬೇರೆಡೆ ಇದ್ದರೆ ಈ ಎರಡು ಫೈಲುಗಳನ್ನು ಅಲ್ಲಿಯೇ ಇಡಿಸಿ.

‘ಡಾಕರ್ ಕಂಪೋಸ್ ಅಪ್ -ಡಿ’ ಕೊಟ್ಟು, ಬ್ರೌಸರ್‌ನಲ್ಲಿ ಉಪಡೊಮೇನಿನ /_ಮ್ಯಾಟ್ರಿಕ್ಸ್/ಕ್ಲೈಂಟ್/ವರ್ಷನ್ಸ್ ತೆರೆಯಿರಿ. ಆವೃತ್ತಿಗಳ ಪಟ್ಟಿ ಬಂದರೆ ಕ್ಯಾಡಿಯಿಂದ ಸಿನಾಪ್ಸ್‌ವರೆಗೆ ದಾರಿ ಸರಿಯಿದೆ. 502 ಬಂದರೆ ಸಿನಾಪ್ಸ್ ಎದ್ದಿಲ್ಲ, ‘ಡಾಕರ್ ಕಂಪೋಸ್ ಲಾಗ್ಸ್ ಸಿನಾಪ್ಸ್’ ನೋಡಿ. ಫೆಡರೇಷನ್ ಬೇಕಾದವರು ಮ್ಯಾಟ್ರಿಕ್ಸ್.ಆರ್ಗ್‌ನ ಫೆಡರೇಷನ್ ಟೆಸ್ಟರ್‌ನಲ್ಲಿ ಸರ್ವರ್_ನೇಮ್ ಕೊಟ್ಟು ಪರೀಕ್ಷಿಸಿ.

ಜನರನ್ನು ಸೇರಿಸುವುದು

ಮೊದಲ ಅಡ್ಮಿನ್ ಖಾತೆಗೆ:

ಡಾಕರ್ ಕಂಪೋಸ್ ಎಕ್ಸೆಕ್ ಸಿನಾಪ್ಸ್ ರಿಜಿಸ್ಟರ್_ನ್ಯೂ_ಮ್ಯಾಟ್ರಿಕ್ಸ್_ಯೂಸರ್ -ಸಿ /ಡೇಟಾ/ಹೋಮ್‌ಸರ್ವರ್.ಯಾಮಲ್ ಎಚ್‌ಟಿಟಿಪಿ://ಲೋಕಲ್‌ಹೋಸ್ಟ್:8008

ಹೆಸರು, ಪಾಸ್‌ವರ್ಡ್, ಅಡ್ಮಿನ್ ಮಾಡಬೇಕೇ ಎಂದು ಕೇಳುತ್ತದೆ. ಇಪ್ಪತ್ತು ಮೂವತ್ತು ಜನರಾದರೆ ಉಳಿದವರನ್ನೂ ಹೀಗೇ ಸೇರಿಸಬಹುದು. ಹೆಚ್ಚಿದ್ದರೆ ‘ಎನೇಬಲ್_ರಿಜಿಸ್ಟ್ರೇಷನ್: ಟ್ರೂ’ ಜೊತೆಗೆ ‘ರಿಜಿಸ್ಟ್ರೇಷನ್_ರಿಕ್ವೈರ್ಸ್_ಟೋಕನ್: ಟ್ರೂ’ ಇಟ್ಟು, ಟೋಕನ್ ಹಂಚಿ. ಯಾವ ತಪಾಸಣೆಯೂ ಇಲ್ಲದೆ ನೋಂದಣಿ ತೆರೆದಿಟ್ಟರೆ ಸಿನಾಪ್ಸ್ ತಾನೇ ಏಳುವುದಿಲ್ಲ. ಅದನ್ನೂ ಮೀರಿಸುವ ಸೆಟ್ಟಿಂಗ್ ಹಾಕಿದವರ ಸರ್ವರ್‌ನಲ್ಲಿ ಕೆಲವೇ ದಿನಗಳಲ್ಲಿ ಸ್ಪ್ಯಾಮ್ ಖಾತೆಗಳು ತುಂಬಿರುತ್ತವೆ.

ಎಲಿಮೆಂಟ್ ಎಕ್ಸ್ ಆ್ಯಪ್‌ಗೆ ಬೇಕಾದ ಸ್ಲೈಡಿಂಗ್ ಸಿಂಕ್ (ಆ ಹೊತ್ತಿಗೆ ಬೇಕಾದಷ್ಟನ್ನೇ ತರುವ ವಿಧಾನ) ಸಿನಾಪ್ಸ್ 1.114ರಿಂದ ಒಳಗೇ ಇದೆ, ಹಳೇ ಮಾರ್ಗದರ್ಶಿಗಳು ಹೇಳುವ ಪ್ರತ್ಯೇಕ ಪ್ರಾಕ್ಸಿ ಕಂಟೇನರ್ ಈಗ ಬೇಡ. ಬ್ರೌಸರ್‌ಗಾಗಿ ಎಲಿಮೆಂಟ್ ವೆಬ್ ಕಂಟೇನರ್ ಇಡುವುದಾದರೆ ಚಾಟ್.ಎಕ್ಸಾಂಪಲ್.ಆರ್ಗ್ ಎಂಬಂಥ ಬೇರೆ ಉಪಡೊಮೇನ್ ಕೊಡಿ. ಸಿನಾಪ್ಸ್ ಇರುವ ಉಪಡೊಮೇನ್‌ನಲ್ಲೇ ಇಟ್ಟರೆ ಯಾರೋ ಅಪ್‌ಲೋಡ್ ಮಾಡಿದ ಕೆಟ್ಟ ಫೈಲ್ ಬ್ರೌಸರಿನಲ್ಲಿ ಲಾಗಿನ್ ಮಾಹಿತಿಗೆ ಕೈ ಹಾಕುವ ಸಾಧ್ಯತೆ ಇರುತ್ತದೆ.

ಸೇರಿದ ಪ್ರತಿಯೊಬ್ಬರಿಗೂ ಮೊದಲ ದಿನವೇ ರಿಕವರಿ ಕೀ ಬರೆದಿಟ್ಟುಕೊಳ್ಳಲು ಹೇಳಿ. ಎನ್‌ಕ್ರಿಪ್ಟ್ ಆದ ರೂಮುಗಳ ಸಂದೇಶವನ್ನು ಸರ್ವರ್ ನಡೆಸುವವರೂ ಓದಲಾರರು, ಹಾಗಾಗಿ ಫೋನ್ ಕಳೆದು ಕೀಯೂ ಇಲ್ಲವೆಂದರೆ ನೀವು ಪಾಸ್‌ವರ್ಡ್ ಬದಲಿಸಿ ಕೊಡಬಹುದೇ ಹೊರತು ಹಳೇ ಮಾತುಕತೆ ತೆರೆದು ಕೊಡಲಾರಿರಿ. ವಯಸ್ಸಾದವರಿಗೆ ಇದನ್ನು ಪಕ್ಕದಲ್ಲಿ ಕೂತು ಮಾಡಿಸಿಕೊಡಿ.

ಕರೆಗಳು

ಹಳೇ ಬಗೆಯ ಇಬ್ಬರ ನಡುವಿನ ಕರೆಗೆ ಕೋಟರ್ನ್ ಬೇಕು. ಮೊಬೈಲ್ ಜಾಲದಲ್ಲಿರುವ ಇಬ್ಬರು ನೇರವಾಗಿ ಸಂಪರ್ಕಿಸಲು ಆಗದಿದ್ದಾಗ ಧ್ವನಿಯನ್ನು ಅದು ನಡುವೆ ನಿಂತು ದಾಟಿಸುತ್ತದೆ. ಇದನ್ನು ‘ನೆಟ್‌ವರ್ಕ್_ಮೋಡ್: ಹೋಸ್ಟ್’ನಲ್ಲಿ ಓಡಿಸಿ; ಅದರ ರಿಲೇ ಪೋರ್ಟುಗಳು ಸಾವಿರಾರು, ಒಂದೊಂದನ್ನೂ ಡಾಕರ್ ಮೂಲಕ ತೆರೆಯಹೋದರೆ ಯಂತ್ರ ಒದ್ದಾಡುತ್ತದೆ. 3478 ಟಿಸಿಪಿ ಮತ್ತು ಯುಡಿಪಿ, ಜೊತೆಗೆ ನೀವು ಆರಿಸಿದ ಯುಡಿಪಿ ಶ್ರೇಣಿ, ಉದಾಹರಣೆಗೆ 49160ರಿಂದ 49260, ಫೈರ್‌ವಾಲ್‌ನಲ್ಲಿ ತೆರೆಯಿರಿ. ಕೋಟರ್ನ್‌ನ ‘ಸ್ಟ್ಯಾಟಿಕ್-ಆಥ್-ಸೀಕ್ರೆಟ್’ ಮತ್ತು ಸಿನಾಪ್ಸ್‌ನ ‘ಟರ್ನ್_ಶೇರ್ಡ್_ಸೀಕ್ರೆಟ್’ ಒಂದೇ ಇರಬೇಕು. ಒಳಜಾಲದ ಐಪಿಗಳನ್ನು ‘ಡಿನೈಡ್-ಪೀರ್-ಐಪಿ’ಯಲ್ಲಿ ತಡೆಯಿರಿ, ಇಲ್ಲವಾದರೆ ನಿಮ್ಮದೇ ಸರ್ವರ್ ಮೂಲಕ ಯಾರಾದರೂ ಒಳಗಿನ ಯಂತ್ರಗಳನ್ನು ತಡಕಬಹುದು. ಫೋನ್ ರಿಂಗ್ ಆಗಿ, ಎತ್ತಿದ ಮೇಲೆ ಧ್ವನಿ ಬರದಿದ್ದರೆ ಯುಡಿಪಿ ಶ್ರೇಣಿ ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಎಲಿಮೆಂಟ್ ಎಕ್ಸ್‌ನ ಕರೆಗಳಿಗೆ ಲೈವ್‌ಕಿಟ್ ಎಂಬ ಬೇರೆಯೇ ಸರ್ವರ್ ಬೇಕು. ಸಂದೇಶಗಳು ಗಟ್ಟಿಯಾಗಿ ನಡೆಯಲು ಶುರುವಾದ ಮೇಲೆ ಅದಕ್ಕೆ ಕೈ ಹಾಕಿ.

ಡಿಸ್ಕ್ ತುಂಬುವ ದಾರಿಗಳು

ಡಾಕರ್‌ನ ಲಾಗ್‌ಗಳಿಗೆ ತಾನಾಗಿ ಮಿತಿ ಇರುವುದಿಲ್ಲ. ಪ್ರತಿ ಸೇವೆಗೂ ‘ಲಾಗಿಂಗ್’ ಅಡಿಯಲ್ಲಿ ಮ್ಯಾಕ್ಸ್-ಸೈಜ್ "10ಎಂ", ಮ್ಯಾಕ್ಸ್-ಫೈಲ್ "3" ಕೊಡಿ. ಹೊರಗಿನ ರೂಮುಗಳ ಚಿತ್ರಗಳನ್ನು ಸಿನಾಪ್ಸ್ ತನ್ನಲ್ಲಿ ನಕಲು ಮಾಡಿಟ್ಟುಕೊಳ್ಳುತ್ತದೆ. ‘ಮೀಡಿಯಾ_ರಿಟೆನ್ಷನ್’ ಅಡಿಯಲ್ಲಿ ‘ರಿಮೋಟ್_ಮೀಡಿಯಾ_ಲೈಫ್‌ಟೈಮ್: 30ಡಿ’ ಎಂದರೆ ಹಳೆಯವು ಅಳಿಯುತ್ತವೆ. ಬೇಕೆಂದಾಗ ಮೂಲ ಸರ್ವರ್‌ನಿಂದ ಮತ್ತೆ ಬರುತ್ತವೆ. ‘ಲೋಕಲ್’ ಎಂದು ಶುರುವಾಗುವ ಸಾಲನ್ನು ಮಾತ್ರ ಸೇರಿಸಬೇಡಿ, ನಿಮ್ಮವರೇ ಕಳಿಸಿದ ಫೋಟೊಗಳು ಹೋಗುತ್ತವೆ, ಅವು ಬೇರೆಲ್ಲೂ ಇರುವುದಿಲ್ಲ.

ಬ್ಯಾಕಪ್

ಪೋಸ್ಟ್‌ಗ್ರೆಸ್ ಓಡುತ್ತಿರುವಾಗ ./ಪಿಜಿ ಫೋಲ್ಡರನ್ನು ನಕಲು ಮಾಡಿದರೆ ಅದು ಬ್ಯಾಕಪ್ ಅಲ್ಲ. ಅರ್ಧ ಬರೆದ ಪುಟಗಳು ಸೇರಿ, ತೆರೆಯುವಾಗ ಕೈ ಕೊಡುತ್ತದೆ. ಡಂಪ್, ಅಂದರೆ ಡೇಟಾಬೇಸ್ ತಾನೇ ಬರೆದುಕೊಡುವ ಪ್ರತಿ, ತೆಗೆಯಬೇಕು:

ಡಾಕರ್ ಕಂಪೋಸ್ ಎಕ್ಸೆಕ್ -ಟಿ ಡಿಬಿ ಪಿಜಿ_ಡಂಪ್ -ಯು ಸಿನಾಪ್ಸ್ -ಎಫ್‌ಸಿ --ಎಕ್ಸ್‌ಕ್ಲೂಡ್-ಟೇಬಲ್-ಡೇಟಾ=ಇ2ಇ_ಒನ್_ಟೈಮ್_ಕೀಸ್_ಜೇಸನ್ ಸಿನಾಪ್ಸ್ > ಬ್ಯಾಕಪ್/ಸಿನಾಪ್ಸ್.ಡಂಪ್

-ಟಿ, -ಯು ಮತ್ತು -ಎಫ್‌ಸಿಯ ‘ಎಫ್’ ದೊಡ್ಡಕ್ಷರಗಳು. -ಟಿ ಬಿಟ್ಟರೆ ಕಂಪೋಸ್ ಒಂದು ಟರ್ಮಿನಲ್ ಜೋಡಿಸುತ್ತದೆ. ನಿಗದಿತ ಸಮಯಕ್ಕೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಟರ್ಮಿನಲ್ಲೇ ಇಲ್ಲದ್ದರಿಂದ ಕಮಾಂಡ್ ಬೀಳುತ್ತದೆ. ಕೈಯಾರೆ ಓಡಿಸಿದಾಗ ಟರ್ಮಿನಲ್ ಸಾಲಿನ ಕೊನೆಗಳನ್ನು ತಿದ್ದಿ ಡಂಪ್ ಕೆಡಬಹುದು.

ಆ ಒಂದು ಟೇಬಲ್ಲಿನ ಡೇಟಾ ಏಕೆ ಬೇಡ? ಎನ್‌ಕ್ರಿಪ್ಟ್ ಆದ ಮಾತುಕತೆ ಶುರು ಮಾಡಲು ಪ್ರತಿ ಫೋನ್ ಸರ್ವರ್‌ನಲ್ಲಿ ಒಂದಷ್ಟು ಒಂದೇ ಬಾರಿ ಬಳಸುವ ಕೀಗಳನ್ನು ಇಟ್ಟಿರುತ್ತದೆ. ಬಳಸಿದ ಕೀಯ ಖಾಸಗಿ ಅರ್ಧವನ್ನು ಫೋನ್ ಅಳಿಸಿಬಿಡುತ್ತದೆ. ಹಳೇ ಬ್ಯಾಕಪ್ ಮರಳಿ ಹಾಕಿದಾಗ ಬಳಸಿ ಮುಗಿದ ಕೀಗಳು ಸರ್ವರ್‌ನಲ್ಲಿ ಜೀವ ಪಡೆಯುತ್ತವೆ, ಸರ್ವರ್ ಅವನ್ನೇ ಮತ್ತೆ ಹಂಚುತ್ತದೆ, ಸಂದೇಶ ತಲುಪಿದ ಫೋನಿಗೆ ಅದನ್ನು ಬಿಚ್ಚಲು ಆಗುವುದಿಲ್ಲ. ಟೇಬಲ್ ಖಾಲಿ ಇದ್ದರೆ ಫೋನುಗಳು ಹೊಸ ಕೀಗಳನ್ನು ತಾವೇ ತಂದಿಡುತ್ತವೆ.

ಡಂಪ್ ಜೊತೆಗೆ ./ಸಿನಾಪ್ಸ್‌ನ ಕಾನ್ಫಿಗ್, ಸೈನಿಂಗ್ ಕೀ, ಮೀಡಿಯಾ ಫೋಲ್ಡರಿನ ‘ಲೋಕಲ್’ ಭಾಗಗಳು ಮತ್ತು ಕಂಪೋಸ್ ಫೈಲ್ ಬೇರೆ ಯಂತ್ರಕ್ಕೆ ಹೋಗಬೇಕು. ಎಲ್ಲವನ್ನೂ ಒಂದು ಸ್ಕ್ರಿಪ್ಟ್‌ನಲ್ಲಿ ಬರೆದು, ಮೊದಲ ಸಾಲಲ್ಲಿ /ಆಪ್ಟ್/ಚಾಟ್‌ಗೆ ಹೋಗಿ, ಕ್ರಾನ್‌ನಿಂದ ಆ ಸ್ಕ್ರಿಪ್ಟನ್ನೇ ಕರೆಯಿರಿ. ದಿನಾಂಕವಿರುವ ಫೈಲ್ ಹೆಸರನ್ನು ನೇರ ಕ್ರಾನ್ ಸಾಲಿನಲ್ಲಿ ಬರೆದರೆ ಅದರ ಶೇಕಡಾ ಚಿಹ್ನೆಯನ್ನು ಕ್ರಾನ್ ಹೊಸ ಸಾಲು ಎಂದು ತಿಳಿದು ಕಮಾಂಡನ್ನು ಅಲ್ಲಿಗೇ ಕತ್ತರಿಸುತ್ತದೆ.

ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಖಾಲಿ ಫೋಲ್ಡರಿನೊಂದಿಗೆ ಡಿಬಿಯನ್ನಷ್ಟೇ ಏರಿಸಿ, ಡಂಪನ್ನು ‘ಪಿಜಿ_ರಿಸ್ಟೋರ್’ ಮೂಲಕ ತುಂಬಿ, ‘ಯೂಸರ್ಸ್’ ಟೇಬಲ್ಲಿನ ಸಾಲುಗಳನ್ನು ಎಣಿಸಿ. ಅಲ್ಲಿ ಸಿನಾಪ್ಸ್ ಏರಿಸಬೇಡಿ. ಒಂದೇ ಹೆಸರು, ಒಂದೇ ಸೈನಿಂಗ್ ಕೀ ಇರುವ ಎರಡು ಸರ್ವರ್‌ಗಳು ಏಕಕಾಲಕ್ಕೆ ಹೊರಜಗತ್ತಿನೊಡನೆ ಮಾತಾಡಿದರೆ ರೂಮುಗಳ ಸ್ಥಿತಿ ಕಲಸಿಹೋಗುತ್ತದೆ.

ಅಪ್‌ಡೇಟ್

ಸಿನಾಪ್ಸ್‌ನ ಹೊಸ ಆವೃತ್ತಿಗಳು ಪದೇ ಪದೇ ಬರುತ್ತವೆ. ಎಲ್ಲವನ್ನೂ ಬಂದ ದಿನವೇ ಹಾಕಬೇಕಿಲ್ಲ, ಆದರೆ ಭದ್ರತಾ ಸೂಚನೆ ಬಂದದ್ದನ್ನು ಆ ದಿನವೇ ಹಾಕಿ. ಮೊದಲು ಆ ಆವೃತ್ತಿಯ ಅಪ್‌ಗ್ರೇಡ್ ಟಿಪ್ಪಣಿ ಓದಿ, ಡಂಪ್ ತೆಗೆದು, ಕಂಪೋಸ್ ಫೈಲಿನ ಟ್ಯಾಗ್ ತಿದ್ದಿ, ‘ಡಾಕರ್ ಕಂಪೋಸ್ ಪುಲ್’ ಆಮೇಲೆ ‘ಡಾಕರ್ ಕಂಪೋಸ್ ಅಪ್ -ಡಿ’. ಹೊಸ ಸಿನಾಪ್ಸ್ ಏಳುವಾಗ ಡೇಟಾಬೇಸ್‌ನ ರಚನೆಯನ್ನು ತಾನೇ ತಿದ್ದುತ್ತದೆ. ತೊಂದರೆಯಾದರೆ ಹಿಂದಿನ ಒಂದೆರಡು ಆವೃತ್ತಿಗೆ ಮರಳಬಹುದು, ಅದಕ್ಕಿಂತ ಹಿಂದಕ್ಕೆ ಹೋಗಲು ಹೊಸ ರಚನೆ ಬಿಡುವುದಿಲ್ಲ. ಆಗ ಡಂಪ್ ಒಂದೇ ದಾರಿ. ಇಮೇಜ್‌ಗಳನ್ನು ತಾನಾಗಿ ಬದಲಿಸುವ ಉಪಕರಣಗಳನ್ನು ಈ ಯಂತ್ರದಲ್ಲಿ ಓಡಿಸಬೇಡಿ. ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ಏರಿಸುವಾಗ ಸಿನಾಪ್ಸ್ ನಿಲ್ಲಿಸಿ, ಮೇಲಿನ ಕಮಾಂಡಿನಲ್ಲಿ ಟೇಬಲ್ ಬಿಡುವ ಭಾಗವನ್ನು ತೆಗೆದು ಪೂರ್ತಿ ಡಂಪ್ ಮಾಡಿ. ಆಗ ಕಾಲ ಹಿಂದೆ ಹೋಗುವುದಿಲ್ಲವಾದ್ದರಿಂದ ಕೀಗಳು ಹಾಗೇ ಉಳಿಯಲಿ. ಹಳೇ ./ಪಿಜಿ ಫೋಲ್ಡರಿಗೆ ಬೇರೆ ಹೆಸರಿಟ್ಟು, ಹೊಸ ಇಮೇಜನ್ನು ಖಾಲಿ ಫೋಲ್ಡರಿನಲ್ಲಿ ಏರಿಸಿ, ಡಂಪ್ ತುಂಬಿ. ಒಂದು ವಾರ ಎಲ್ಲ ಸರಿಯಾಗಿ ನಡೆದ ಮೇಲೆ ಹಳೇ ಫೋಲ್ಡರ್ ಅಳಿಸಿ.